ಪದ್ಯ ನಮ್ಮದು, ಅರ್ಥ ಆಡುವವರದು: ವಿಡಿಯೋ ಗೇಮಿಗೆ ಕತೆ ಕಟ್ಟುವ ಬಗೆ

ಕಳೆದ ಮಳೆಗಾಲದಲ್ಲಿ ಶಿರಸಿಯಿಂದ ಅಕ್ಕನ ಮಗ ಕಾರವಾರದ ನಮ್ಮ ಮನೆಗೆ ಬಂದಿದ್ದ. ಮೂರು ದಿನದಿಂದ ಹಿಡಿದ ಮಳೆ ಬಿಟ್ಟಿರಲಿಲ್ಲ, ಹೊರಗೆ ಕಾಲಿಡುವ ಹಾಗಿರಲಿಲ್ಲ. ಹುಡುಗ ನನ್ನ ಲ್ಯಾಪ್‌ಟಾಪಿನಲ್ಲಿ ಯಾವುದೋ ಗೇಮ್ ಹಾಕಿಕೊಂಡು ಕೂತ. ಪರದೆಯ ಮೇಲೆ ಒಬ್ಬ ಮುದುಕ ಸಾಯುತ್ತಿದ್ದ. ಸಾಯುತ್ತಾ ಏನೋ ಬಹಳ ದೊಡ್ಡ ಗುಟ್ಟು ಹೇಳುತ್ತಿದ್ದ. ಹುಡುಗನ ಬೆರಳು ಮಾತ್ರ ಒಂದೇ ಕೀಲಿಯನ್ನು ಟಕಟಕ ಒತ್ತುತ್ತಿತ್ತು.

"ಎಂತ ಹೇಳ್ತಾ ಇದ್ದ ಅಂವ?" ಅಂದೆ.

"ಗೊತ್ತಿಲ್ಲೆ ಮಾವಾ. ಇದು ಕತೆ. ಇದು ಮುಗಿದ್ಮೇಲೆ ಆಟ ಶುರು ಆಗ್ತು."

ಆ ಮುದುಕನ ಮಾತನ್ನು ನನ್ನಂಥವನೇ ಒಬ್ಬ ಕೂತು ಬರೆದಿದ್ದಾನೆ, ನಾಲ್ಕು ಸಲ ತಿದ್ದಿದ್ದಾನೆ. ಯಾರೋ ನಟ ಮೈಕಿನ ಮುಂದೆ ಕೆಮ್ಮಿ ಕೆಮ್ಮಿ ಅದನ್ನು ಹೇಳಿದ್ದಾನೆ. ಅಷ್ಟೂ ನೀರಿಗೆ ಹೋಯಿತು. ಹುಡುಗನನ್ನು ಬಯ್ದು ಪ್ರಯೋಜನವಿಲ್ಲ. ಕತೆಯನ್ನು ಒಂದು ಕೋಣೆಯಲ್ಲೂ ಆಟವನ್ನು ಇನ್ನೊಂದು ಕೋಣೆಯಲ್ಲೂ ಇಟ್ಟು ನಡುವೆ ಬಾಗಿಲು ಹಾಕಿದವರ ತಪ್ಪು ಅದು.

ಗೇಮಿಗೆ ಕತೆ ಬರೆಯಬೇಕೆಂದು ಕೇಳಿಕೊಂಡು ಬರುವ ಹುಡುಗ ಹುಡುಗಿಯರಿಗೆ ನಾನು ಸಿನಿಮಾ ನೋಡಿ ಕಲಿಯಿರಿ ಎನ್ನುವುದಿಲ್ಲ, ಒಂದು ತಾಳಮದ್ದಳೆಗೆ (ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ) ಹೋಗಿ ಕೂತು ಬನ್ನಿ ಎನ್ನುತ್ತೇನೆ. ನಮ್ಮ ಜಿಲ್ಲೆಯಲ್ಲಿ ಅದಕ್ಕೇನು ಬರವಿಲ್ಲ. ಪ್ರಸಂಗದ ಪದ್ಯ ಮೊದಲೇ ಬರೆದಿಟ್ಟದ್ದು, ಭಾಗವತರು ಅದನ್ನು ಹಾಡುತ್ತಾರೆ. ಆದರೆ ಪಾತ್ರವಾಗಿ ಕೂತ ಅರ್ಥಧಾರಿ ಏನು ಮಾತಾಡುತ್ತಾನೆ ಎನ್ನುವುದು ಯಾವ ಪುಸ್ತಕದಲ್ಲೂ ಇಲ್ಲ. ವಾಲಿ ಸಾಯುತ್ತಾನೆ, ಅದರಲ್ಲಿ ಬದಲಿಲ್ಲ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ಧರ್ಮ ಎಂದು ಅವನು ಕೇಳುವ ರೀತಿ ಮತ್ತು ರಾಮ ಅದಕ್ಕೆ ಕೊಡುವ ಉತ್ತರ ಪ್ರತಿ ರಾತ್ರಿ ಬೇರೆ. ಕೊನೆ ಗೊತ್ತಿದ್ದೂ ಜನ ಬೆಳಗಿನ ತನಕ ಕೂರುವುದು ಅದಕ್ಕೇ. ಗೇಮಿನಲ್ಲಿ ಆ ಅರ್ಥಧಾರಿಯ ಜಾಗ ಆಡುವವನದು. ಬರಹಗಾರ ಪದ್ಯ ಬರೆದು, ಭಾಗವತನ ಹಾಗೆ ತಾಳ ಹಿಡಿದು ಕೂರಬೇಕು. ಪದ್ಯವನ್ನೂ ಅರ್ಥವನ್ನೂ ತಾನೇ ಹೇಳಿಬಿಟ್ಟರೆ ಎದುರಿಗಿದ್ದವನು ಕೀಲಿ ಒತ್ತದೆ ಇನ್ನೇನು ಮಾಡಿಯಾನು?

ಇನ್ನು ಕೆಲಸಕ್ಕೆ ಬರೋಣ. ಮೊದಲ ಗೇಮ್ 15 ನಿಮಿಷದಲ್ಲಿ ಮುಗಿಯುವಂಥದ್ದಾಗಿರಲಿ. ಒಂದು ಜಾಗ, ಮೂರು ಪಾತ್ರ ಧಾರಾಳ ಸಾಕು. ಉದಾಹರಣೆಗೆ ನಾನೇ ಕಟ್ಟಿದ ಒಂದು ಪುಟ್ಟ ಆಟವನ್ನು ಇಟ್ಟುಕೊಳ್ಳುತ್ತೇನೆ. ಅದು ಕುಮಟಾ ಕಡೆಯ ಅಘನಾಶಿನಿ ಅಳಿವೆಯ ಪಕ್ಕದ, ಉಪ್ಪುನೀರು ಹತ್ತುವ ಗಜನಿ ಗದ್ದೆಯಲ್ಲಿ ನಡೆಯುತ್ತದೆ.

ಹಂತ 1: ಕತೆಗಿಂತ ಮೊದಲು ಕೈಗೆ ಕೆಲಸ ಹುಡುಕಿ

ಹೆಚ್ಚಿನವರು "ಒಂದಾನೊಂದು ರಾಜ್ಯದಲ್ಲಿ" ಎಂದು ಶುರು ಮಾಡುತ್ತಾರೆ. ನೂರು ವರ್ಷದ ಇತಿಹಾಸ, ಐದು ರಾಜವಂಶ, ನಕಾಶೆ ಎಲ್ಲ ಬರೆಯುತ್ತಾರೆ. ಆಡುವವನು ಏನು ಮಾಡುತ್ತಾನೆ ಎಂದು ಕೇಳಿದರೆ, "ಶತ್ರುಗಳನ್ನು ಹೊಡೀತಾನೆ" ಎಂಬ ಉತ್ತರ ಬರುತ್ತದೆ. ಹಾಗಿದ್ದರೆ ನಿಮ್ಮ ಕತೆ ಹೊಡೆಯುವವನ ಕತೆ. ಐದು ರಾಜವಂಶವೂ ಬದಿಗೆ ಹೋಯಿತು.

ಒಂದು ಹಾಳೆಯ ಮೇಲೆ ಒಂದೇ ಕ್ರಿಯಾಪದ ಬರೆಯಿರಿ: ತೆರೆ, ಕಾಯು, ಹೊರು, ಅಡುಗೆ ಮಾಡು, ಮುದ್ರೆ ಒತ್ತು. ಆಡುವವನ ಕೈ ಹೆಚ್ಚು ಹೊತ್ತು ಮಾಡುವ ಕೆಲಸ ಅದು. ಕತೆ ಹುಟ್ಟಬೇಕಾದದ್ದು ಅಲ್ಲಿಂದ.

2013ರಲ್ಲಿ ಲ್ಯೂಕಸ್ ಪೋಪ್ ಎಂಬಾತ ಮಾಡಿದ ‘ಪೇಪರ್ಸ್, ಪ್ಲೀಸ್’ ನೋಡಿ. ನೀವು ಗಡಿಯಲ್ಲಿ ಕೂತ ಒಬ್ಬ ಗುಮಾಸ್ತ. ಕಾಗದಪತ್ರ ನೋಡಿ ಒಳಗೆ ಬಿಡುವ ಅಥವಾ ಬಿಡದ ಮುದ್ರೆ ಒತ್ತುವುದು, ಅಷ್ಟೇ ಕೆಲಸ. ಸಂಜೆ ಸಂಬಳದಲ್ಲಿ ಬಾಡಿಗೆ, ಊಟ, ಮನೆ ಬೆಚ್ಚಗಿಡುವ ಖರ್ಚು ಕಳೆಯಬೇಕು. ತಪ್ಪು ಹೆಚ್ಚಾದರೆ ಸಂಬಳ ಕಡಿತ. ಒಂದು ದಿನ ಗಂಡನೊಬ್ಬ ಬರುತ್ತಾನೆ, ಅವನ ಕಾಗದ ಸರಿ ಇದೆ. ಹಿಂದೆ ಹೆಂಡತಿ ಬರುತ್ತಿದ್ದಾಳೆ, ದಯವಿಟ್ಟು ನೋಡಿಕೊಳ್ಳಿ ಎನ್ನುತ್ತಾನೆ. ಹೆಂಡತಿಯ ಕಾಗದದಲ್ಲಿ ಪರವಾನಗಿ ಇಲ್ಲ. ಇಲ್ಲಿ ಸಂಗೀತ ಏರುವುದಿಲ್ಲ, ಯಾರೂ ಭಾಷಣ ಬಿಗಿಯುವುದಿಲ್ಲ. ನಿಮ್ಮ ಕೈಯಲ್ಲಿ ಎರಡು ಮುದ್ರೆಗಳಿವೆ. ತಾಲ್ಲೂಕು ಕಚೇರಿಯ ಕಿಟಕಿಯ ಹೊರಗೆ ಒಮ್ಮೆಯಾದರೂ ನಿಂತವರಿಗೆ ಒಳಗೆ ಕೂತವನ ಸಂಕಟ ಆಗ ಅರ್ಥವಾಗುತ್ತದೆ, ಸಿಟ್ಟೂ ಬರುತ್ತದೆ.

ಇನ್ನೊಂದು ಉದಾಹರಣೆ ನಮ್ಮ ಬೈತಖೋಲ ಬಂದರಿಗೆ ಹತ್ತಿರದ್ದು. 2017ರ ‘ವಾಟ್ ರಿಮೇನ್ಸ್ ಆಫ್ ಎಡಿತ್ ಫಿಂಚ್’ನಲ್ಲಿ ಮೀನಿನ ಕಾರ್ಖಾನೆಯ ಒಂದು ಭಾಗವಿದೆ. ಒಂದು ಕೈಯಿಂದ ಮೀನು ತೆಗೆದು ತಲೆ ಕತ್ತರಿಸುವ ಯಂತ್ರಕ್ಕೆ ಒಡ್ಡಿ ಆಚೆ ಎಸೆಯುತ್ತಿರಬೇಕು, ಮತ್ತೆ ಮೀನು, ಮತ್ತೆ ಮೀನು. ಇನ್ನೊಂದು ಕೈ ಆ ಕೆಲಸಗಾರನ ಹಗಲುಗನಸಿನೊಳಗೆ ಅವನನ್ನು ನಡೆಸುತ್ತದೆ. ಕನಸು ದೊಡ್ಡದಾಗುತ್ತಾ ಪರದೆ ತುಂಬುತ್ತದೆ, ಮೀನು ಕತ್ತರಿಸುವ ಕೈ ಮಾತ್ರ ನಿಲ್ಲುವುದಿಲ್ಲ. ಬೇಸರದ ಕೆಲಸದಲ್ಲಿ ಮನಸ್ಸು ಹೇಗೆ ಕಳಚಿಕೊಂಡು ಹೋಗುತ್ತದೆ ಎಂಬುದನ್ನು ಹತ್ತು ಪುಟ ಬರೆದರೂ ಹೀಗೆ ಮುಟ್ಟಿಸಲಾಗದು. ಅದನ್ನು ನಿಮ್ಮ ಎರಡು ಕೈಗಳೇ ನಿಮಗೆ ಹೇಳುತ್ತವೆ.

ನನಗೆ ಇವೆಲ್ಲಕ್ಕಿಂತ ಮೇಲೆನಿಸುವುದು 2013ರ ‘ಬ್ರದರ್ಸ್: ಎ ಟೇಲ್ ಆಫ್ ಟೂ ಸನ್ಸ್’. ಆಡಬೇಕೆಂದಿರುವವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ, ಗುಟ್ಟು ಹೊರಬೀಳುತ್ತದೆ. ಅಪ್ಪನಿಗೆ ಔಷಧಿ ತರಲು ಹೊರಟ ಅಣ್ಣತಮ್ಮಂದಿರ ಕತೆ. ಕಂಟ್ರೋಲರಿನ ಒಂದು ಬದಿ ಅಣ್ಣನಿಗೆ, ಇನ್ನೊಂದು ತಮ್ಮನಿಗೆ. ಅಮ್ಮ ನೀರಿನಲ್ಲಿ ಮುಳುಗಿ ಹೋದವಳು, ಹಾಗಾಗಿ ತಮ್ಮನಿಗೆ ನೀರೆಂದರೆ ಹೆದರಿಕೆ. ನದಿ ಬಂದಾಗೆಲ್ಲ ಅಣ್ಣನ ಬೆನ್ನು ಹಿಡಿದು ದಾಟುತ್ತಾನೆ. ಕೊನೆಗೆ ಅಣ್ಣ ಇಲ್ಲ, ನದಿ ಇದೆ. ತಮ್ಮನ ಬಟನ್ ಎಷ್ಟು ಒತ್ತಿದರೂ ಅವನು ನೀರಿಗೆ ಇಳಿಯುವುದಿಲ್ಲ. ಅಷ್ಟು ಹೊತ್ತು ಸುಮ್ಮನಿದ್ದ ಅಣ್ಣನ ಬದಿಯ ಬಟನ್ ಒತ್ತಿದಾಗ ಇಳಿದು ಈಜುತ್ತಾನೆ. ಒಂದು ಮಾತಿಲ್ಲ. ಆ ಆಟದ ಪಾತ್ರಗಳು ಆಡುವ ಭಾಷೆಯೇ ಯಾರಿಗೂ ತಿಳಿಯದ ಕಲ್ಪಿತ ಭಾಷೆ. ಎಡಗೈ ಬೆರಳಿಗೆ ದುಃಖ ಬರಬಹುದು ಎಂದು ನನಗೆ ಗೊತ್ತಾದದ್ದು ಅವತ್ತು.

ನನ್ನ ಆಟಕ್ಕೆ ನಾನು ಆರಿಸಿದ ಕ್ರಿಯಾಪದ ‘ಹಲಗೆ ಎತ್ತು, ಹಲಗೆ ಇಳಿಸು’. ಗದ್ದೆಗೆ ನೀರು ಬಿಡುವ ಬಾಗಿಲಿನ ಹಲಗೆ ಅದು.

ಹಂತ 2: ತನ್ನದೇ ನಿಯಮವಿರುವ ಜಾಗ ಆರಿಸಿ

ಸುಂದರವಾದ ಜಾಗ ಬೇಕಾಗಿಲ್ಲ. ಯಾಣದ ಬಂಡೆ, ಮಿರ್ಜಾನ ಕೋಟೆ ಎಲ್ಲ ಚೆನ್ನಾಗಿಯೇ ಕಾಣುತ್ತವೆ. ಆದರೆ ಕಾಣುವುದಷ್ಟೇ ಆದರೆ ಅದು ಹಿಂದಿನ ಪರದೆ. ಆಟಕ್ಕೆ ಬೇಕಾದದ್ದು ಯಾರ ಮಾತೂ ಕೇಳದೆ ತನ್ನ ಪಾಡಿಗೆ ನಡೆಯುವ ನಿಯಮವಿರುವ ಜಾಗ.

ಗಜನಿ ಅಂಥದ್ದು. ಅಳಿವೆಯ ಪಕ್ಕದ ತಗ್ಗು ಗದ್ದೆ, ಸುತ್ತ ಒಡ್ಡು, ಒಡ್ಡಿನಲ್ಲಿ ನೀರು ಬಿಡುವ ಬಾಗಿಲು. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ, ಪ್ರತಿ ದಿನ ಅದು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ ಅಮಾವಾಸ್ಯೆ ಬಂತೆಂದರೆ ನೀರು ಜೋರು. ಮಳೆ ಬಿದ್ದು ಮಣ್ಣಿನ ಉಪ್ಪು ತೊಳೆದ ಮೇಲೆ ಅಲ್ಲಿ ಕಗ್ಗ ಭತ್ತ ಬಿತ್ತುತ್ತಾರೆ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ತಳಿ ಅದು. ಕೊಯ್ಲಾದ ಮೇಲೆ ಬಾಗಿಲು ತೆರೆದು ಉಪ್ಪುನೀರು ಬಿಟ್ಟರೆ ಶೆಟ್ಲಿ (ಸಿಗಡಿ), ಮೀನು ಒಳಗೆ ಬರುತ್ತವೆ, ಇಳಿತದಲ್ಲಿ ಬಲೆ ಕಟ್ಟಿ ಹಿಡಿಯುತ್ತಾರೆ. ಶೆಟ್ಲಿಗೆ ದುಡ್ಡು ಹೆಚ್ಚು. ಹಾಗಾಗಿ ಎಷ್ಟೋ ಕಡೆ ಭತ್ತ ಬಿಟ್ಟು ಇಡೀ ವರ್ಷ ಉಪ್ಪುನೀರು ನಿಲ್ಲಿಸುವವರಾದರು. ಒಡ್ಡು ಎಲ್ಲರದೂ, ಬಾಗಿಲು ಒಂದೇ. ಒಬ್ಬನಿಗೆ ಭತ್ತ ಬೇಕು, ಇನ್ನೊಬ್ಬ ಗದ್ದೆಯನ್ನು ಶೆಟ್ಲಿಗೆ ಗುತ್ತಿಗೆ ಕೊಟ್ಟಿದ್ದಾನೆ. ಏಡಿಗಳು ಪಕ್ಷ ನೋಡದೆ ಒಡ್ಡು ಕೊರೆಯುತ್ತವೆ.

ಇದರಲ್ಲಿ ನಾನು ಕತೆ ಎಂದು ಹೊಸದಾಗಿ ಏನು ಸೇರಿಸಬೇಕಾಗಿತ್ತು ಹೇಳಿ? ಜಗಳ ಆಗಲೇ ಇದೆ, ಗಡಿಯಾರ ಆಗಲೇ ಓಡುತ್ತಿದೆ. ಆಡುವವನನ್ನು ಬಾಗಿಲ ಹತ್ತಿರ ನಿಲ್ಲಿಸಿದರೆ ಆಯಿತು.

ನಿಮ್ಮ ಊರಲ್ಲಿ ಇಂಥ ಜಾಗ ಹುಡುಕಿ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ಒಂಬತ್ತು ದಿನಕ್ಕೆ ಹಾಕಿದ ಒಂದು ಅಂಗಡಿ. ಅಡಿಕೆ ಸುಲಿಯುವ ಚಪ್ಪರದ ಒಂದು ರಾತ್ರಿ. ತದಡಿಯಿಂದ ಆಚೆ ದಡಕ್ಕೆ ಜನರನ್ನು ದಾಟಿಸುವ ದೋಣಿ. ಎಲ್ಲಕ್ಕೂ ಅದರದೇ ಹೊತ್ತು, ಅದರದೇ ಲೆಕ್ಕ ಇದೆ.

ಹಂತ 3: ಆಡುವವನು ಯಾರು, ಅವನಿಗೆ ಏನು ಗೊತ್ತು

ಇಲ್ಲೊಂದು ತೊಡಕಿದೆ. ಪಾತ್ರ ಆ ಊರಲ್ಲೇ ಹುಟ್ಟಿ ಬೆಳೆದದ್ದು, ಅದಕ್ಕೆ ಎಲ್ಲ ಗೊತ್ತು. ಆಡುವವನು ಎರಡು ನಿಮಿಷದ ಹಿಂದೆ ಬಂದವನು, ಅವನಿಗೆ ಏನೂ ಗೊತ್ತಿಲ್ಲ. ಈ ಅಂತರ ಮುಚ್ಚಲು ಹಳೆಯ ಉಪಾಯವೆಂದರೆ ಮರೆವು: ಪಾತ್ರ ಕಣ್ಣು ಬಿಟ್ಟಾಗ ತಾನು ಯಾರೆಂದೇ ನೆನಪಿರುವುದಿಲ್ಲ. ಸವೆದು ಹೋದ ದಾರಿ. ಎಸ್ಟೋನಿಯಾದವರು 2019ರಲ್ಲಿ ಮಾಡಿದ ‘ಡಿಸ್ಕೋ ಎಲಿಸಿಯಮ್’ ಇದೇ ದಾರಿಯಲ್ಲಿ ನಡೆದೂ ಗೆದ್ದಿತು. ಅಲ್ಲಿನ ಪತ್ತೇದಾರ ಕುಡಿದು ಕುಡಿದು ಮರೆತವನು, ಮರೆಯುವುದಕ್ಕೆ ಅವನಿಗೆ ಕಾರಣವೂ ಇತ್ತು. ಅಷ್ಟು ಬೆಲೆ ಕೊಡುವ ತಯಾರಿ ನಿಮ್ಮಲ್ಲಿ ಇಲ್ಲದಿದ್ದರೆ ಮರೆವು ಬೇಡ.

ನಾನು ಆರಿಸಿದ್ದು ಬೆಂಗಳೂರಿನಿಂದ ಹತ್ತು ವರ್ಷದ ಮೇಲೆ ಊರಿಗೆ ಬಂದ ಮಗಳನ್ನು. ಬಾಗಿಲು ಕಾಯುತ್ತಿದ್ದ ಅಪ್ಪ ಆಸ್ಪತ್ರೆಯಲ್ಲಿದ್ದಾನೆ. ಅವಳಿಗೆ ಜನ ಗೊತ್ತು, ಉಬ್ಬರದ ಲೆಕ್ಕ ಮರೆತಿದೆ. ಕೇಳಿದರೆ ಊರವರು ಹೇಳುತ್ತಾರೆ, ಹೇಳುವಾಗ ಸ್ವಲ್ಪ ಚುಚ್ಚುತ್ತಾರೆ. ನಿಯಮ ಕಲಿಸುವ ಪಾಠವೂ ಪಾತ್ರದ ನೋವೂ ಒಂದೇ ಮಾತಿನಲ್ಲಿ ಮುಗಿಯಿತು.

ಹಂತ 4: ಕವಲು ಲೆಕ್ಕ ಹಾಕಿ, ಆಮೇಲೆ ಕಡಿಯಿರಿ

ಎಲ್ಲರೂ ಜಾರಿ ಬೀಳುವ ಜಾಗ ಇದು. ನಾನೂ ಬಿದ್ದಿದ್ದೇನೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಪ್ರತಿ ಸಲ ಎರಡು ಆಯ್ಕೆ, ಒಟ್ಟು ಹತ್ತು ಸಲ ಎಂದು ಇಟ್ಟುಕೊಳ್ಳಿ. ಒಂದು ಕವಲೂ ಮತ್ತೆ ಕೂಡದಿದ್ದರೆ ಕೊನೆಯಲ್ಲಿ 1,024 ಮುಕ್ತಾಯ. ಒಂದೊಂದಕ್ಕೆ ನೂರೇ ಪದ ಬರೆದರೂ ಮುಕ್ತಾಯಗಳಿಗೇ ಲಕ್ಷ ಪದ ದಾಟಿತು, ಆಡುವವನು ಅದರಲ್ಲಿ ಓದುವುದು ನೂರು ಪದ. ನನ್ನ ಮೊದಲ ಪ್ರಯತ್ನದಲ್ಲಿ ಗೋಡೆ ತುಂಬ ಚೀಟಿ ಅಂಟಿಸಿ, ಆರನೇ ಕವಲಿನ ಹೊತ್ತಿಗೆ ಯಾವ ಚೀಟಿ ಯಾವುದಕ್ಕೆ ಎಂದು ನನಗೇ ತಿಳಿಯದೆ, ಪಾಗಾರ ಹಾರಿದ ದನದ ಹಾಗೆ ಎತ್ತೆತ್ತಲೋ ಹೋಗಿದ್ದೆ.

ಅದಕ್ಕೆ ಹೊಳೆಯ ಹಾಗೆ ಬರೆಯಬೇಕು. ನಡುವೆ ನಡುಗಡ್ಡೆ ಬಂದಾಗ ನೀರು ಎರಡಾಗುತ್ತದೆ, ದಾಟಿದ ಮೇಲೆ ಕೂಡುತ್ತದೆ. ಕೂಡಿದ ನೀರು ಮೊದಲಿನ ನೀರಾಗಿರಬಾರದು, ಅಷ್ಟೇ. ಅದಕ್ಕೆ ನೆನಪಿಡುವ ಎಣಿಕೆಗಳನ್ನು ಇಟ್ಟುಕೊಳ್ಳುತ್ತೇವೆ. ನನ್ನ ಆಟದಲ್ಲಿ ಇರುವುದು ಮೂರೇ: ಒಡ್ಡಿನ ಗಟ್ಟಿತನ, ಗದ್ದೆಯ ಉಪ್ಪು, ಪಕ್ಕದ ಗದ್ದೆಯ ಅಜ್ಜಿಗೆ ನಿಮ್ಮ ಮೇಲಿರುವ ನಂಬಿಕೆ. ಐದು ರಾತ್ರಿ, ಐದು ದೃಶ್ಯ. ಯಾರೇ ಆಡಿದರೂ ಅದೇ ಐದು ದೃಶ್ಯ ಬರುತ್ತವೆ. ಆದರೆ ಮೂರನೇ ರಾತ್ರಿ ಅಜ್ಜಿ ಗಂಜಿಯ ತಟ್ಟೆ ಹಿಡಿದು ಬರುತ್ತಾಳೋ, ಬರಿಗೈಲಿ ಬರುತ್ತಾಳೋ, ಬಾರದೆ ಮೊಮ್ಮಗನನ್ನು ಕಳಿಸುತ್ತಾಳೋ ಎಂಬುದು ಎಣಿಕೆಯ ಮೇಲೆ ನಿಂತಿದೆ. ಬರೆಯಬೇಕಾದದ್ದು ಮೂರು ಪ್ಯಾರಾ, ಆಡುವವನಿಗೆ ಅನಿಸುವುದು ಅಜ್ಜಿ ತನ್ನನ್ನು ನೋಡುತ್ತಲೇ ಇದ್ದಾಳೆ ಎಂದು.

2012ರಲ್ಲಿ ಟೆಲ್‌ಟೇಲ್‌ನವರ ‘ದಿ ವಾಕಿಂಗ್ ಡೆಡ್’ ಇದನ್ನೇ ಪರದೆಯ ಮೂಲೆಯಲ್ಲಿ ಬರೆದು ತೋರಿಸಿತು: ನೀವು ಹೇಳಿದ್ದನ್ನು ಈ ಹುಡುಗಿ ನೆನಪಿಟ್ಟುಕೊಳ್ಳುತ್ತಾಳೆ ಎಂದು. ಕತೆಯ ದೊಡ್ಡ ತಿರುವುಗಳು ಬಹುಪಾಲು ಬದಲಾಗುತ್ತಿರಲಿಲ್ಲ. ಆದರೂ ಎದುರಿಗೆ ಒಂದು ಮಗು ಕೇಳಿಸಿಕೊಳ್ಳುತ್ತಿದೆ ಎಂದ ಕೂಡಲೇ ನಾವು ಮಾತು ತೂಗಲು ಶುರು ಮಾಡುತ್ತೇವೆ. 2015ರ ‘ಅಂಡರ್‌ಟೇಲ್’ ಇನ್ನೂ ಮುಂದೆ ಹೋಯಿತು. ಅಲ್ಲಿ ಒಬ್ಬ ಎದುರಾಳಿಯನ್ನೂ ಕೊಲ್ಲದೆ ಆಟ ಮುಗಿಸಬಹುದು. ಕೊಂದು, ಮನಸ್ಸು ಚುರುಕ್ ಎಂದು, ಹಿಂದೆ ಹೋಗಿ ಸರಿ ಮಾಡಿಕೊಂಡರೂ ಆಟ ಅದನ್ನು ಮರೆಯುವುದಿಲ್ಲ. ನೀನು ಏನು ಮಾಡಿದೆಯೆಂದು ನನಗೆ ಗೊತ್ತು ಎನ್ನುವ ಪಾತ್ರವೊಂದು ಕಾದಿರುತ್ತದೆ.

"ಎಂತ ಮಾಡಿದ್ರೂ ಅದೇಯ ಆಗ್ತು, ಮತ್ತೆಂತಕೆ ಕೇಳದು?" ಎಂದು ಅಕ್ಕನ ಮಗ ದೂರುತ್ತಿದ್ದ. ಅವನ ದೂರು ನ್ಯಾಯವೇ. ಆದರೆ ಮದ್ದು ಸಾವಿರ ಕೊನೆ ಬರೆಯುವುದಲ್ಲ. 2012ರಲ್ಲೇ ‘ಮಾಸ್ ಎಫೆಕ್ಟ್ 3’ ಬಂದಾಗ ಮೂರು ಆಟಗಳಲ್ಲಿ ಮಾಡಿದ ಆಯ್ಕೆಗಳೆಲ್ಲ ಕೊನೆಯಲ್ಲಿ ಬಣ್ಣ ಬದಲಾದ ಒಂದೇ ದೃಶ್ಯಕ್ಕೆ ಇಳಿದವು ಎಂದು ಜನ ರೊಚ್ಚಿಗೆದ್ದರು. ಕಂಪನಿ ಅದೇ ವರ್ಷ ಮುಕ್ತಾಯವನ್ನು ಹಿಗ್ಗಿಸಿ ಪುಕ್ಕಟೆ ಕೊಟ್ಟಿತು. ಅಲ್ಲಿ ಕೊನೆಗಳ ಸಂಖ್ಯೆ ಕಡಿಮೆಯಾದದ್ದೇ ಕೊರತೆ ಎಂದು ನನಗೆ ಅನಿಸುವುದಿಲ್ಲ. ಆಡುವವನು ಅಷ್ಟು ವರ್ಷ ಹೇಳಿದ ಅರ್ಥವನ್ನು ಭಾಗವತರು ಕೇಳಿಸಿಕೊಳ್ಳಲೇ ಇಲ್ಲ ಎಂಬ ಭಾವ ಬಂತು. ವಾಲಿ ಸಾಯಲಿ. ಸಾಯುವ ಮೊದಲು ಅವನ ಪ್ರಶ್ನೆಗೆ ಯಾರಾದರೂ ಓಗೊಡಬೇಕು.

ಆಯ್ಕೆ ಬರೆಯುವಾಗ ನಾನು ಕಾಗದದ ಮೇಲೆ ಹೀಗೆ ಪರೀಕ್ಷೆ ಮಾಡುತ್ತೇನೆ. ಎರಡೂ ಆಯ್ಕೆಗೆ ಒಬ್ಬೊಬ್ಬ ವಕೀಲನನ್ನು ನಿಲ್ಲಿಸಿ ಎರಡೆರಡು ಸಾಲು ವಾದ ಬರೆಯುತ್ತೇನೆ. ಒಬ್ಬ ವಕೀಲನ ಬಾಯಿ ಕಟ್ಟಿತೆಂದರೆ ಅದು ಆಯ್ಕೆಯಲ್ಲ. ‘ಅಜ್ಜಿಯ ಗದ್ದೆ ಉಳಿಸು’, ‘ಅಜ್ಜಿಯ ಗದ್ದೆ ಮುಳುಗಿಸು’ ಎಂದರೆ ರಾಕ್ಷಸ ಪಾತ್ರ ಬೇಕೆನ್ನುವವನೊಬ್ಬನ ಹೊರತು ಎಲ್ಲರೂ ಮೊದಲನೆಯದನ್ನೇ ಒತ್ತುತ್ತಾರೆ. ‘ಈ ರಾತ್ರಿ ನೀರು ಬಿಡದಿದ್ದರೆ ಗುತ್ತಿಗೆಯ ಹಣ ಬರುವುದಿಲ್ಲ, ಅಪ್ಪನ ಆಸ್ಪತ್ರೆಯ ಬಿಲ್ಲು ಕಟ್ಟಬೇಕು, ಬಿಟ್ಟರೆ ಅಜ್ಜಿಯ ಬಲಿಯದ ಕಗ್ಗಕ್ಕೆ ಉಪ್ಪು ಏರುತ್ತದೆ’ ಎಂದಾಗ ಇಬ್ಬರು ವಕೀಲರೂ ಬೆವರುತ್ತಾರೆ.

ಹಂತ 5: ಕೈ ಒಂದು, ಬಾಯಿ ಒಂದು ಆಗದಂತೆ ನೋಡಿ

ಕತೆ ಹೇಳುತ್ತದೆ, ನಾಯಕ ಮೃದು ಹೃದಯದವನು. ಆಟ ಹೇಳುತ್ತದೆ, ಅವನು ಊಟಕ್ಕೆ ಮೊದಲು ನೂರು ಜನರನ್ನು ಕೊಂದ. 2007ರಲ್ಲಿ ‘ಬಯೋಶಾಕ್’ ಬಂದಾಗ ಕ್ಲಿಂಟ್ ಹಾಕಿಂಗ್ ಎಂಬ ಗೇಮ್ ವಿನ್ಯಾಸಕ ಇದಕ್ಕೊಂದು ಹೆಸರಿಟ್ಟು ಬರೆದ. ಆಡುವ ನಿಯಮ ಸ್ವಾರ್ಥವನ್ನು ಪ್ರೋತ್ಸಾಹಿಸುತ್ತದೆ, ಕತೆ ಮಾತ್ರ ಇನ್ನೊಬ್ಬನಿಗೆ ನೆರವಾಗಲೇಬೇಕೆಂದು ನಮ್ಮನ್ನು ಎಳೆಯುತ್ತದೆ ಎಂಬುದು ಅವನ ತಕರಾರು.

ಇದನ್ನು ಹಿಡಿಯುವುದು ಸುಲಭ. ಮಾತೆಲ್ಲ ತೆಗೆದುಹಾಕಿ ಆಡಿ ನೋಡಿ. ಬರೀ ಕೈ ಮಾಡುವುದನ್ನು ನೋಡಿದರೆ ಯಾವ ಮನುಷ್ಯ ಕಾಣುತ್ತಾನೆ? ನನ್ನ ಆಟದ ಹಳೆಯ ಕರಡಿನಲ್ಲಿ ಶೆಟ್ಲಿ ಹಿಡಿದಷ್ಟೂ ಅಂಕ ಏರುತ್ತಿತ್ತು, ಟಣ್ ಎಂದು ಸದ್ದೂ ಬರುತ್ತಿತ್ತು. ಮಾತಿನಲ್ಲಿ ಮಗಳು ಭತ್ತಕ್ಕಾಗಿ ಕೊರಗುತ್ತಾಳೆ, ಸದ್ದು ಮಾತ್ರ ಶೆಟ್ಲಿಗೆ ಭೇಷ್ ಎನ್ನುತ್ತಿದೆ. ಸದ್ದು ತೆಗೆದೆ, ಅಂಕವನ್ನೂ ತೆಗೆದೆ. ಉಳಿದದ್ದು ಅಪ್ಪನ ಬಿಲ್ಲಿನ ಮೊತ್ತ.

ಹಂತ 6: ಜಾಗಕ್ಕೂ ನಾಲಿಗೆ ಕೊಡಿ

ಇದನ್ನು ಚುಟುಕಾಗಿ ಹೇಳುತ್ತೇನೆ. ಆಡುವವನು ನಡೆದು ನೋಡುವುದನ್ನು ಬಾಯಿಯಿಂದ ಹೇಳಿಸಬೇಡಿ. ಲ್ಯೂಕಸ್ ಪೋಪನದೇ 2018ರ ‘ರಿಟರ್ನ್ ಆಫ್ ದಿ ಓಬ್ರಾ ಡಿನ್’ನಲ್ಲಿ ಬಂದರಿಗೆ ತೇಲಿ ಬಂದ ಖಾಲಿ ಹಡಗು, ಅದರಲ್ಲಿದ್ದ 60 ಜನರಿಗೆ ಏನಾಯಿತೆಂದು ನೀವೇ ಪತ್ತೆ ಮಾಡಬೇಕು. ಯಾರ ಕಾಲಲ್ಲಿ ಯಾವ ಬೂಟು, ಯಾರ ಹಾಸಿಗೆಯ ಮೇಲೆ ಯಾವ ಸಂಖ್ಯೆ ಎಂಬುದೇ ಸಾಕ್ಷಿ. ಕೆನಡಾದ ತಮಿಳು ಮನೆಯೊಂದರ ಕತೆಯಾದ ‘ವೆನ್ಬಾ’ದಲ್ಲಿ (2023) ಅಮ್ಮನ ಅಡುಗೆ ಪುಸ್ತಕ ಹರಿದು ಮಾಸಿದೆ, ಅಳಿಸಿದ ಸಾಲನ್ನು ಊಹಿಸಿ ಇಡ್ಲಿ ಬೇಯಿಸಬೇಕು. ಊರಿನಿಂದ ದೂರವಾದದ್ದನ್ನು ಆ ಹರಿದ ಹಾಳೆಯೇ ಹೇಳಿತು. ನನ್ನ ಆಟದ ಗುಡಿಸಿಲಿನಲ್ಲಿ ಗೋಡೆಗೆ ತೂಗಿದ ಪಂಚಾಂಗದ ಮೇಲೆ ಅಪ್ಪ ಪೆನ್ಸಿಲಿನಲ್ಲಿ ಉಬ್ಬರದ ಹೊತ್ತು ಗುರುತು ಹಾಕಿದ್ದಾನೆ. ಒಂದು ತಾರೀಖಿನಿಂದ ಗುರುತು ನಿಂತಿದೆ.

ಹಂತ 7: ಮಾತು ಕನ್ನಡದ್ದೇ ಆಗಿರಲಿ, ಕನ್ನಡದ ತೊಡಕುಗಳೊಂದಿಗೆ

ಇಂಗ್ಲಿಷ್ ಆಟದ ಮಾತನ್ನು ಮನಸ್ಸಿನಲ್ಲಿಟ್ಟು ಕನ್ನಡ ಬರೆದರೆ ಕೂಡಲೇ ಗೊತ್ತಾಗುತ್ತದೆ. ಕುಮಟಾದ ಅಜ್ಜಿ ‘ನನ್ನನ್ನು ನಂಬು, ಯುವಕನೇ’ ಎನ್ನುವುದಿಲ್ಲ. ಬರೆದದ್ದನ್ನು ಗಟ್ಟಿಯಾಗಿ ಓದಿ, ನಾಲಿಗೆ ಎಡವಿದಲ್ಲಿ ತಿದ್ದಿ. ಪಾತ್ರಕ್ಕೆ ಆಡುನುಡಿಯ ರುಚಿ ಕೊಡಿ, ಆದರೆ ಪೂರ್ತಿ ಆಡುನುಡಿಯಲ್ಲೇ ಬರೆದರೆ ಬೀದರಿನವರು ಕೈಬಿಡುತ್ತಾರೆ. ಕ್ರಿಯಾಪದದ ತುದಿ, ಒಂದೆರಡು ಸಂಬೋಧನೆ ಸಾಕು. ಪರದೆಯ ಮೇಲಿನ ಮಾತಿನ ಪೆಟ್ಟಿಗೆಯೊಂದಕ್ಕೆ ಎರಡು ಸಾಲು ಮೀರಬೇಡಿ.

ಆಮೇಲೆ ವ್ಯಾಕರಣದ ಬಲೆ. ಆಡುವವರು ತಮ್ಮ ಹೆಸರು ತಾವೇ ಬರೆದುಕೊಳ್ಳಲಿ ಎಂದು ಬಿಟ್ಟಿರಿ. ಇಂಗ್ಲಿಷಿನಲ್ಲಿ ಹೆಸರು ತುರುಕಿದರೆ ವಾಕ್ಯ ನಿಲ್ಲುತ್ತದೆ, ನಮ್ಮಲ್ಲಿ ಪ್ರತ್ಯಯ ಬೇಕು. ರಾಮನಿಗೆ, ರವಿಗೆ, ಸೀತೆಗೆ, ಮಂಜುವಿಗೆ: ಯಂತ್ರಕ್ಕೆ ಇದು ತಿಳಿಯದೆ ‘ಮಂಜುನಿಗೆ’ ಎಂದೀತು. ಎರಡು ದಾರಿಯಿವೆ. ಹೆಸರನ್ನು ಯಾವಾಗಲೂ ಕರೆಯುವಲ್ಲಿ ಮಾತ್ರ ಬಳಸಿ ("ಮಂಜು, ಇಲ್ಲಿ ಬಾ"), ಇಲ್ಲವೇ ಎಲ್ಲರೂ ‘ಮಗಾ’, ‘ತಂಗಿ’ ಎಂದೇ ಕರೆಯಲಿ. ಗಂಡೋ ಹೆಣ್ಣೋ ಎಂಬುದು ಕ್ರಿಯಾಪದಕ್ಕೇ ಅಂಟುವುದರಿಂದ ಆಟಗಾರನ ಬಗ್ಗೆ ಬೇರೆಯವರು ಮಾತಾಡುವ ಪ್ರತಿ ಸಾಲೂ ‘ಬಂದ’, ‘ಬಂದಳು’ ಎಂದು ಎರಡಾಗುತ್ತದೆ. (ನಮ್ಮ ಹವ್ಯಕ ಮನೆಮಾತಿನಲ್ಲಿ ಹೆಂಗಸರಿಗೂ ‘ಅದು ಬಂತು’ ಎನ್ನುವುದುಂಟು. ಹೊರಗಿನವರು ಹುಬ್ಬೇರಿಸುತ್ತಾರೆ.) ಆಟಗಾರನನ್ನು ನಿರೂಪಣೆ ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ ಎಂಬುದನ್ನು ಮೊದಲ ದಿನವೇ ತೀರ್ಮಾನಿಸಿ. ನಾನು ‘ನೀನು’ ಇಟ್ಟೆ, ‘ನೀವು’ ಎಂದರೆ ಬ್ಯಾಂಕಿನ ಸಂದೇಶದ ಹಾಗೆ ಕೇಳಿಸುತ್ತಿತ್ತು. ಪಾತ್ರ ಪಾತ್ರಗಳ ನಡುವೆ ಮಾತ್ರ ಏಕವಚನ ಬಹುವಚನ ಒಂದು ದೊಡ್ಡ ಆಯುಧ. ಮೂರು ರಾತ್ರಿ ‘ನೀನು’ ಎನ್ನುತ್ತಿದ್ದ ಅಜ್ಜಿ ನಾಲ್ಕನೇ ರಾತ್ರಿ ‘ನೀವು’ ಎಂದಾಗ ಆಡುವವರು ಬೆಚ್ಚುತ್ತಾರೆ. ಅಷ್ಟು ಚಿಕ್ಕ ಬದಲಾವಣೆಗೆ ಅಷ್ಟು ಚಳಿ ಹುಟ್ಟಿಸುವುದು ಇಂಗ್ಲಿಷಿನವರಿಗೆ ಸಿಗುವ ಸವಲತ್ತಲ್ಲ.

ಹಂತ 8: ಉಪಕರಣ

ಪ್ರೋಗ್ರಾಮಿಂಗ್ ಬಾರದವರು ‘ಟ್ವೈನ್’ನಲ್ಲಿ ಶುರು ಮಾಡಿ. ಕ್ರಿಸ್ ಕ್ಲಿಮಾಸ್ 2009ರಲ್ಲಿ ಮಾಡಿದ್ದು, ಪುಕ್ಕಟೆ. ಚೀಟಿಗಳನ್ನು ದಾರದಿಂದ ಜೋಡಿಸಿದ ಹಾಗೆ ದೃಶ್ಯಗಳು ಪರದೆಯ ಮೇಲೆ ಕಾಣುತ್ತವೆ. ಮುಗಿದ ಆಟ ಬ್ರೌಸರಿನಲ್ಲಿ ತೆರೆಯುವುದರಿಂದ ಕನ್ನಡ ಸರಿಯಾಗಿ ಮೂಡುತ್ತದೆ. ಬರವಣಿಗೆ ಹೆಚ್ಚಾದರೆ ‘ಇಂಕ್’ ನೋಡಿ. 2014ರ ‘80 ಡೇಸ್’ ಮಾಡಿದ ಇಂಕಲ್ ಸಂಸ್ಥೆ ತನ್ನದೇ ಬಳಕೆಗೆ ಮಾಡಿಕೊಂಡದ್ದನ್ನು 2016ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು.

ಚಿತ್ರ, ಚಲನೆ ಬೇಕೆಂದರೆ ‘ಗೋಡೋ’. ಅದರ 4ನೇ ಆವೃತ್ತಿಯೇ (2023) ಇರಲಿ, ಹಿಂದಿನದರಲ್ಲಿ ಒತ್ತಕ್ಷರ ಒಡೆಯುತ್ತದೆ. ಯಾವ ಉಪಕರಣವಾದರೂ ಮೊದಲು ‘ಸ್ವಾತಂತ್ರ್ಯ, ಅರ್ಘ್ಯ, ಲಕ್ಷ್ಮಿ, ಕೃಷ್ಣ’ ಎಂದು ಬರೆದು ನೋಡಿ. ನಾಲ್ಕೂ ಸರಿ ಬಂದರೆ ಮುಂದುವರಿಯಿರಿ. ಅಕ್ಷರ ಒಂದೊಂದೇ ಮೂಡುವ ಟೈಪ್‌ರೈಟರ್ ಪರಿಣಾಮ ನಮಗೆ ಹೊಂದುವುದಿಲ್ಲ. ‘ಕ’ ಮೂಡಿ, ಅರೆ ಗಳಿಗೆ ಅದು ‘ಕ್’ ಎಂಬ ಅರ್ಧಾಕ್ಷರವಾಗಿ, ಆಮೇಲೆ ‘ಕ್ಷ’ ಆಗಿ ನೆಗೆದು ಬೀಳುತ್ತದೆ. ಪದ ಪದವಾಗಿ ಮೂಡಿಸಿ. ಸಾಲುಗಳ ನಡುವೆ ಒತ್ತಿಗೆ ಜಾಗ ಬಿಡಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಗುಡಿಸಿನ ತಲೆ ಕುಟ್ಟುತ್ತದೆ.

ಹಂತ 9: ಆಡಿಸಿ, ಬಾಯಿ ಮುಚ್ಚಿ ಕೂರಿ

ಕರಡು ಮುಗಿದ ಮೇಲೆ ಐದು ಜನರಿಂದ ಆಡಿಸಿ. ಅದರಲ್ಲಿ ಇಬ್ಬರಾದರೂ ಗೇಮ್ ಆಡದವರಾಗಿರಲಿ. ಪಕ್ಕದಲ್ಲಿ ಕೂತು ‘ಅದನ್ನ ಒತ್ತಿ’ ಎನ್ನಬಾರದು. ಎಲ್ಲಿ ಬೆರಳು ನಿಂತಿತು, ಎಲ್ಲಿ ಓದದೆ ಒತ್ತಿದರು, ಎಲ್ಲಿ ಪರದೆಗೆ ಬಯ್ದರು ಎಂಬುದನ್ನಷ್ಟೇ ಬರೆದುಕೊಳ್ಳಿ. ಓದದೆ ಒತ್ತಿದ ಸಾಲನ್ನು ತಿದ್ದಲು ಹೋಗಬೇಡಿ, ತೆಗೆದುಬಿಡಿ.

ಅಕ್ಕನ ಮಗ ನನ್ನ ಆಟವನ್ನು ಹನ್ನೊಂದು ನಿಮಿಷದಲ್ಲಿ ಮುಗಿಸಿದ. ಮೊದಲ ರಾತ್ರಿಯ ಮಾತನ್ನು ಹಾರಿಸಿದ. ಎರಡನೇ ರಾತ್ರಿ ಒಡ್ಡು ಒಡೆದು ಗದ್ದೆ ಮುಳುಗಿತು. ಮೂರನೇ ರಾತ್ರಿಯಿಂದ ಅಜ್ಜಿಯ ಪ್ರತಿ ಸಾಲು ಓದಿದ.

ಆಮೇಲೆ ನಮ್ಮ ಬೀದಿಗೆ ಮೀನು ತರುವ ಅಕ್ಕನನ್ನು ಕೂರಿಸಿದೆ. ಬುಟ್ಟಿ ಜಗುಲಿಯ ಮೇಲಿಟ್ಟು, ಕೈ ಸೆರಗಿಗೆ ಒರೆಸಿಕೊಂಡು ಕೂತರು. ಅವರ ತವರು ಅಳಿವೆಯ ಕಡೆ ಎಂದು ನನಗೆ ಗೊತ್ತಿರಲಿಲ್ಲ. ನಾಲ್ಕನೇ ರಾತ್ರಿ, ಇಬ್ಬರು ವಕೀಲರೂ ಬೆವರುವ ಆ ಜಾಗ ಬಂತು. ಪರದೆಯ ಮೇಲೆ ಎರಡೇ ಆಯ್ಕೆ: ಬಾಗಿಲು ತೆರೆ, ಬಾಗಿಲು ಮುಚ್ಚು. ಅಕ್ಕ ಬಹಳ ಹೊತ್ತು ಒತ್ತಲಿಲ್ಲ. ಒಳಗೊಳಗೆ ನನಗೆ ಖುಷಿ, ಆಯ್ಕೆ ನಾಟಿತು ಎಂದು.

"ಎಲ್ಲಾ ಹಲಗೆ ಎಂತಕೆ ತೆಗೀಬೇಕು?" ಎಂದರು ಅಕ್ಕ. "ಮೇಲಿನ ಎರಡೇ ತೆಗೆಯೂಕೆ ಆಗೂದಿಲ್ವ?"

ಬಾಗಿಲು ಎಂದರೆ ಒಂದರ ಮೇಲೊಂದು ಕೂರಿಸಿದ ಹಲಗೆಗಳು ಎಂದು ಬರೆದವನು ನಾನೇ. ಎರಡು ಹಲಗೆ ತೆಗೆದರೆ ಎಷ್ಟು ನೀರು, ಎಷ್ಟು ಉಪ್ಪು, ಗುತ್ತಿಗೆದಾರ ಏನೆಂದಾನು, ಅಜ್ಜಿ ಏನೆಂದಾಳು ಎಂದು ಅಕ್ಕನನ್ನೇ ಕೇಳುತ್ತಾ ಬರೆದುಕೊಂಡೆ. ಅರ್ಧ ಗಂಟೆ ಹಿಡಿಯಿತು. ಬುಟ್ಟಿಯ ಮೇಲಿನ ಮಂಜುಗಡ್ಡೆ ಕರಗುತ್ತಿತ್ತು, ಉಳಿದ ಬಂಗಡೆ ಅಷ್ಟೂ ನಾನೇ ಕೊಂಡೆ.